ಹೊಟ್ಟೆ ಸೀಳಿದ ಅಕ್ಷರ

ಅಕ್ಕನ ದನಿ ಅಂದು ಸಂಜೆ ಆರು ಗಂಟೆಗೆ ಅಳಿಸಿಹೋಗುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಆಸ್ಪತ್ರೆಯ ಯಾವುದೋ ವರದಿ ಹುಡುಕಲು ಅವಳ ಇಮೇಲ್ ತೆರೆದರೆ ಬ್ಯಾಕಪ್ ಕಂಪನಿಯ ಮೂರು ಪತ್ರಗಳು ಬಂದು ಕೂತಿದ್ದವು. ಮೊದಲನೆಯದು ವಿನಯವಾಗಿತ್ತು, ಎರಡನೆಯದು ಕಾಳಜಿ ತೋರಿಸಿತ್ತು, ಮೂರನೆಯದು ಮುಖಕ್ಕೆ ಹೊಡೆದ ಹಾಗಿತ್ತು: ‘ನಿಮ್ಮ ಕಂಪ್ಯೂಟರ್ ಮೂವತ್ತು ದಿನಗಳಿಂದ ನಮ್ಮ ಸಂಪರ್ಕಕ್ಕೆ ಬಂದಿಲ್ಲ. ಇಂದು ಸಂಜೆ ಆರರ ನಂತರ ನಿಮ್ಮ ಫೈಲುಗಳಾ ಪ್ರತಿಯನ್ನು ತೆಗೆದುಹಾಕಲಾಗುವುದು.’ ಆ ಗಳಿಗೆಯಲ್ಲೂ ನನ್ನ ಕಣ್ಣು ‘ಫೈಲುಗಳಾ’ ಎಂಬ ದೀರ್ಘದ ಮೇಲೆ ಹೋಗಿ ನಿಂತಿತು. ನನ್ನ ಕಸುಬೇ ಅದು. ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಶಾಲೆಯ ಪಠ್ಯ, ಔಷಧಿ ಚೀಟಿ, ಮದುವೆ ಕಾಗದ, ಯಾವುದೂ ನನ್ನ ಕೈಯಿಂದ ತಪ್ಪಿಸಿಕೊಂಡಿಲ್ಲ. ತಪ್ಪಕ್ಷರ ಕಣ್ಣಿಗೆ ಬಿದ್ದರೆ ನನ್ನ ಪಾಲಿಗೆ ಅದು ಅಕ್ಷರವಲ್ಲ, ಕೆಲಸ.

ಅಕ್ಕ ಎದುರಿನ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಕೊರಳಿಗೆ ತೆಳುವಾದ ಬಿಳಿ ಬಟ್ಟೆ, ಅದರ ಹಿಂದೆ ಅವಳು ಉಸಿರಾಡುವ ತೂತು. ಅವಳ ಧ್ವನಿಪೆಟ್ಟಿಗೆಯನ್ನು ತೆಗೆದು ಮೂವತ್ತೊಂದು ದಿನವಾಗಿತ್ತು.

ಇಪ್ಪತ್ತೇಳು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ಅವಳು. ಹಿಂದಿನ ಬಾಗಿಲಿನಲ್ಲಿ ನಿಂತು ಒಮ್ಮೆ ಕೂಗಿದರೆ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರು ಬೆಚ್ಚಿಬಿದ್ದು ಇಳಿಯಬೇಕಾದಲ್ಲಿ ಇಳಿಯುತ್ತಿದ್ದರು. “ಮುಂದೆ ಹೋಗಿ ಸಾರ್, ಒಳಗಡೆ ಮೈದಾನ ಇದೆ! ಗರ್ಬಿಣಿ ಬಂದಿದಾರೆ, ಜಾಗ ಬಿಡಿ!” ಗರ್ಬಿಣಿ, ದೂಳು, ಪೋನು, ಬಾನುವಾರ. ಅವಳ ಬಾಯಲ್ಲಿ ಒಂದು ಮಹಾಪ್ರಾಣವೂ ಬದುಕಿ ಬಂದದ್ದಿಲ್ಲ. ಮಾತಿನ ಕೊನೆಯನ್ನು ನುಂಗುತ್ತಿದ್ದಳು, ನಡುವೆ ನಗು ಬಂದರೆ ನಕ್ಕೇ ಮುಂದೆ ಹೋಗುತ್ತಿದ್ದಳು. ನಾನು ತಿದ್ದಿದಾಗಲೆಲ್ಲ, “ಹೋಗೇ ಮೇಷ್ಟ್ರಮ್ಮ, ನಿನ್ನ ಅಕ್ಷರಗಳ ಹೊಟ್ಟೆ ಸೀಳ್ತಾ ಕೂತ್ರೆ ನನ್ನ ಸ್ಟಾಪು ಹೋಗ್ಬಿಡುತ್ತೆ” ಎನ್ನುತ್ತಿದ್ದಳು.

ಆಪರೇಷನ್ ಆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಮೊದಲೇ ಹೇಳಿದ್ದರು. ಮಾತಿನ ಚಿಕಿತ್ಸೆ ಕೊಡುವ ಡಾಕ್ಟರಮ್ಮ ಒಂದು ದಾರಿ ತೋರಿಸಿದರು. ಇರುವ ದನಿಯಲ್ಲೇ ಸಾವಿರದ ಇನ್ನೂರು ವಾಕ್ಯ ಓದಿಸಿ ರೆಕಾರ್ಡ್ ಮಾಡಿಟ್ಟರೆ, ಅದನ್ನು ಕೇಳಿ ಕೇಳಿ ಒಂದು ಯಂತ್ರ ಕಲಿಯುತ್ತದೆ. ಆಮೇಲೆ ಅಕ್ಕ ಟೈಪ್ ಮಾಡಿದ್ದನ್ನು ಅದು ಅವಳ ದನಿಯಲ್ಲೇ ಆಡುತ್ತದೆ. ಅಕ್ಕನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಒಪ್ಪಿದ್ದು ಮಗಳಿಗಾಗಿ. ಮಗಳು ಸರಕು ಹಡಗಿನಲ್ಲಿ ಇಂಜಿನಿಯರ್. ಕರಾರು ಮುಗಿಯದೆ ಇಳಿದು ಬರುವಂತಿಲ್ಲ, ಭಾನುವಾರಕ್ಕೊಂದು ಫೋನು, ಅಷ್ಟೇ. “ಅಮ್ಮನ ದನಿ ಕೇಳದೆ ನಾನು ನೀರಿನ ಮೇಲೆ ಹೇಗಿರಲಿ ಚಿಕ್ಕಮ್ಮ?” ಎಂದು ಅವಳು ಅತ್ತಿದ್ದಳು. ನಾನು ಮಾತು ಕೊಟ್ಟಿದ್ದೆ.

ನನ್ನ ಕರಡು ತಿದ್ದುವ ಕೋಣೆಯಲ್ಲೇ ಹನ್ನೆರಡು ದಿನ ರೆಕಾರ್ಡಿಂಗ್ ನಡೆಯಿತು. ಕಿಟಕಿಗೆ ಕಂಬಳಿ ಕಟ್ಟಿ, ಗಡಿಯಾರದ ಸೆಲ್ ತೆಗೆದು, ನಾನು ಮೇಷ್ಟ್ರಮ್ಮನ ಹಾಗೆ ಕುರ್ಚಿ ಎಳೆದುಕೊಂಡು ಕೂತೆ. ನಮ್ಮಿಬ್ಬರ ದನಿಯೂ ಮೊದಲಿನಿಂದ ಒಂದೇ ಅಚ್ಚಿನದು, ನಮ್ಮ ಅಮ್ಮನೇ ಎಷ್ಟೋ ಸಲ ಫೋನಿನಲ್ಲಿ ಯಾರು ಅಂತ ತಿಳಿಯಲು ಎರಡು ಮಾತು ಆಡಿಸಿ ನೋಡುತ್ತಿದ್ದಳು. ಹಾಗಿರುವಾಗ ಇವಳಿಗೆ ನನ್ನ ಹಾಗೆ ಸ್ಪಷ್ಟವಾಗಿ ಹೇಳಲು ಏನು ಕಷ್ಟ? “ಎಳೀಬೇಡ ಅಕ್ಕ. ನುಂಗಬೇಡ. ಧೂಳು, ದೂಳು ಅಲ್ಲ. ಇನ್ನೊಂದ್ಸಲ.” ಒಂದೊಂದು ವಾಕ್ಯ ನಾಲ್ಕು ಸಲ, ಐದು ಸಲ. ಸರಿಯಾದದ್ದನ್ನು ಇಟ್ಟುಕೊಂಡು, ತಪ್ಪಿದ್ದನ್ನು, ನಕ್ಕಿದ್ದನ್ನು, ನನ್ನನ್ನು ಬೈದಿದ್ದನ್ನು ಅಲ್ಲಲ್ಲೇ ಅಳಿಸಿದೆ. ಉಳಿಯುವ ದನಿ ಚೊಕ್ಕಟವಾಗಿ ಉಳಿಯಲಿ ಎಂಬುದು ನನ್ನ ಆಸೆ. ಕೆಟ್ಟ ಉದ್ದೇಶ ಇರಲಿಲ್ಲ ಎಂದು ಇವತ್ತಿಗೂ ಹೇಳಬಲ್ಲೆ, ಹೇಳಿ ಪ್ರಯೋಜನವಿಲ್ಲ.

ಎಲ್ಲವೂ ಅಕ್ಕನ ಲ್ಯಾಪ್‌ಟಾಪ್‌ನಲ್ಲಿತ್ತು. ಬ್ಯಾಕಪ್ ಸಾಫ್ಟ್‌ವೇರ್ ಹಾಕಿಸಿದ್ದೂ ನಾನೇ, ಫೈಲುಗಳು ತಾವಾಗಿಯೇ ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ ಕೂರಲಿ ಎಂದು. ಆಪರೇಷನ್ ಆದ ಮರುದಿನ ಆಸ್ಪತ್ರೆಯ ಸ್ಟೂಲಿನ ಮೇಲಿಟ್ಟಿದ್ದ ಚೀಲ ಜಾರಿ ಬಿತ್ತು. ಲ್ಯಾಪ್‌ಟಾಪ್ ಮತ್ತೆ ಕಣ್ಣು ಬಿಡಲಿಲ್ಲ. ‘ಬ್ಯಾಕಪ್ ಇದೆಯಲ್ಲ, ಏನು ಅವಸರ’ ಎಂದು ನಾನು ನೆಮ್ಮದಿಯಾಗಿದ್ದೆ. ಅಕ್ಕನಿಗೆ ಸೋಂಕು, ಜ್ವರ, ನಳಿಕೆ ಬದಲಾಯಿಸುವ ರಗಳೆ. ಅದರಲ್ಲಿ ದಿನ ಎಣಿಸಿದವರು ಯಾರು?

ಕಪಾಟಿನಿಂದ ನನ್ನ ಹಳೆಯ ಲ್ಯಾಪ್‌ಟಾಪ್ ಇಳಿಸಿ ಒರೆಸಿ, ಸಾಫ್ಟ್‌ವೇರ್ ಹಾಕಿ, ತೆರೆದೆ. ‘ಸರ್ವರ್ ಸಂಪರ್ಕ ಸಾಧ್ಯವಾಗುತ್ತಿಲ್ಲ.’ ಇಂಟರ್ನೆಟ್ ಸರಿಯಾಗಿಯೇ ಇತ್ತು. ಗೋಡೆಯ ರೂಟರ್ ಆರಿಸಿ ಹಚ್ಚಿದೆ, ಮತ್ತೆ ಆರಿಸಿ ಹಚ್ಚಿದೆ. ಅದೇ ಮಾತು. ಕೊನೆಗೆ ಸಹಾಯವಾಣಿಗೆ ಫೋನ್ ಮಾಡಿ, ಇಪ್ಪತ್ತು ನಿಮಿಷ ಸಂಗೀತ ಕೇಳಿ, ಒಬ್ಬ ಹೆಂಗಸಿನ ದನಿ ಸಿಕ್ಕಾಗ ಒಂದೂಮುಕ್ಕಾಲು. ಆಕೆಗೆ ಜೋರು ನೆಗಡಿ.

“ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ ಮೇಡಂ?”

“ಮಾಡಿದೀನಿ ತಾಯಿ. ಇನ್ನೊಂದ್ಸಲ ಮಾಡಿದ್ರೆ ಅದು ಗೋಡೆ ಬಿಟ್ಟು ಓಡಿಹೋಗುತ್ತೆ.”

ಆಕೆ ನಗಲಿಲ್ಲ, ಸಿಟ್ಟೂ ಆಗಲಿಲ್ಲ. “ಕೆಳಗಡೆ ಮೂಲೇಲಿ ತಾರೀಖು ಏನಿದೆ ನೋಡಿ” ಎಂದಳು.

ಎಂಟು ವರ್ಷ ಹಿಂದಿನ ಜನವರಿ ಒಂದು. ಒಳಗಿನ ಪುಟ್ಟ ಬ್ಯಾಟರಿ ಸತ್ತು ಲ್ಯಾಪ್‌ಟಾಪ್ ತಾನು ಹುಟ್ಟಿದ ಕಾಲಕ್ಕೆ ಹೋಗಿ ಕೂತಿತ್ತು. ತಾರೀಖು ತಪ್ಪಿದ್ದರೆ ಸರ್ವರ್ ಬಾಗಿಲು ತೆಗೆಯುವುದಿಲ್ಲವಂತೆ. ಇವತ್ತಿನ ದಿನಕ್ಕೆ ತಂದೆ, ಸಂಪರ್ಕ ಸಿಕ್ಕಿತು.

ಮುಂದಿನದು ಲಾಗಿನ್. ನಾನು ಬರೆದಿಟ್ಟ ಪಾಸ್‌ವರ್ಡ್ ಅದಕ್ಕೆ ಒಪ್ಪಿಗೆಯಾಗಲಿಲ್ಲ. ಬದಲಾಯಿಸೋಣ ಎಂದರೆ ಆರು ಅಂಕಿಯ ಸಂಖ್ಯೆ ಅಕ್ಕನ ಫೋನಿಗೆ ಬರುತ್ತದೆ. ಆ ಫೋನೋ, ಮಾತಾಡಲಾಗದವಳಿಗೆ ಇದೇಕೆ ಎಂದು ಆರಿಸಿ, ಅವಳು ಸೀರೆಗಳ ಅಡಿಯಲ್ಲಿ ಮಲಗಿಸಿದ್ದಳು. ಚಾರ್ಜರ್ ಹುಡುಕಿ, ಜೀವ ತುಂಬಿ, ಸಂಖ್ಯೆ ಬಂದು, ಹೊಸ ಪಾಸ್‌ವರ್ಡ್ ಇಟ್ಟಾಗ ಮೂರು ಹೊಡೆದಿತ್ತು. ನೆಗಡಿಯ ಹೆಂಗಸು ಲೈನಿನಲ್ಲೇ ಇದ್ದಳು. ನನಗೆ ಅವಳ ಮೇಲೆ ಸ್ವಲ್ಪ ಪ್ರೀತಿ ಹುಟ್ಟತೊಡಗಿತ್ತು.

“ಈಗ ನಿಮ್ಮ ಖಾಸಗಿ ಕೀಲಿ ಕೇಳುತ್ತೆ ಮೇಡಂ. ಪಾಸ್‌ವರ್ಡ್ ಬೇರೆ, ಇದು ಬೇರೆ. ಫೈಲುಗಳಿಗೆ ಬೀಗ ಹಾಕುವಾಗ ನೀವೇ ಒಂದು ಪದ ಇಟ್ಟಿರ್ತೀರ. ಅದು ನಮ್ಮತ್ರ ಇರೋದಿಲ್ಲ. ನಾವು ಬದಲಾಯಿಸೋಕೂ ಬರೋದಿಲ್ಲ.”

“ಗೊತ್ತು, ಗೊತ್ತು.”

“ಐದು ಸಲ ತಪ್ಪಾದ್ರೆ ಇಪ್ಪತ್ನಾಲ್ಕು ಗಂಟೆ ಲಾಕ್ ಆಗುತ್ತೆ. ನಿಮಗೆ ಆರು ಗಂಟೆಗೆ…” ನಾಳೆಗೆ ಬೀಗ ತೆರೆದರೂ ಒಳಗೆ ಏನೂ ಇರುವುದಿಲ್ಲ ಎಂದು ನನಗೂ ಅರ್ಥವಾಗಿತ್ತು.

ನನಗೆ ಗಾಬರಿ ಇರಲಿಲ್ಲ, ಪದ ಗೊತ್ತಿತ್ತು. ಅದನ್ನು ಇಡುವ ಹೊತ್ತಿಗೆ ನನಗೆ ಪ್ರೆಸ್ಸಿನಿಂದ ಫೋನ್ ಬಂದು, ಅಕ್ಕ ತಾನೇ ಕೂತು ಕನ್ನಡದಲ್ಲೇ ಹೊಡೆದಿದ್ದಳು. “ನನ್ನ ಮಾಮೂಲಿ ಮಾತೇ ಇಟ್ಟಿದೀನಿ ಕಣೇ. ನಿನ್ನ ಸಮಾದಾನಕ್ಕೆ ಹೊಟ್ಟೆ ಸೀಳಿಯೇ ಇಟ್ಟಿದೀನಿ” ಎಂದು ಹೆಮ್ಮೆಯಿಂದ ಹೇಳಿದ್ದಳು. ಮಾಮೂಲಿ ಮಾತು ಯಾವುದು? ಹೇಗಿದ್ದೀಯ ಎಂದು ಯಾರು ಕೇಳಿದರೂ ಅವಳ ಉತ್ತರ ಒಂದೇ, “ಯತಾಪ್ರಕಾರ.” ಗಂಟಲಿನ ಕಾಯಿಲೆಯ ಹೆಸರು ಕೇಳಿಕೊಂಡು ಬಂದ ಸಂಜೆಯೂ ಅದನ್ನೇ ಹೇಳಿದ್ದಳು.

ಯಥಾಪ್ರಕಾರ ಎಂದು ಹೊಡೆದೆ. ತಪ್ಪು.

ಬೆರಳು ಜಾರಿರಬೇಕೆಂದು ಒಂದೊಂದೇ ಅಕ್ಷರ ಒತ್ತಿ ಇನ್ನೊಮ್ಮೆ ಹೊಡೆದೆ. ತಪ್ಪು.

“ಬೇರೆ ಏನಾದ್ರೂ ಇಟ್ಟಿದ್ಯಾ? ನೆಟ್ಟಗೆ ನೆನಪು ಮಾಡ್ಕೋ” ಎಂದು ಅಕ್ಕನ ಮೇಲೆ ರೇಗಿದೆ. ಅವಳು ಬಟಾಣಿಯ ತಟ್ಟೆ ಕೆಳಗಿಟ್ಟು, ಬಿಳಿ ಹಲಗೆ ತೆಗೆದುಕೊಂಡು ದಪ್ಪಕ್ಷರದಲ್ಲಿ ಬರೆದು ತೋರಿಸಿದಳು: ಯಧಾಪ್ರಕಾರ.

“ಅದೇ, ಅದನ್ನೇ ಹೊಡೆದಿದ್ದು. ಹೊಟ್ಟೆ ಸೀಳಿದ್ದೀಯ, ಒಳಗಿನ ಚುಕ್ಕೆ ಎಲ್ಲಿ?” ಎಂದು ಅವಳ ಕೈಯಿಂದ ಪೆನ್ನು ಕಿತ್ತುಕೊಂಡು ಧ-ದ ಹೊಟ್ಟೆಯೊಳಗೆ ಒಂದು ಚುಕ್ಕೆ ಇಟ್ಟೆ. ಧ ಹೋಗಿ ಥ ಆಯಿತು. ಸಾಯುವ ಗಳಿಗೆಯಲ್ಲೂ ಯಮನ ಓಲೆ ತಿದ್ದಿ ಕೊಡುವವಳು ನಾನು. ಅಕ್ಕ ಆ ಚುಕ್ಕೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯಿ ತೆರೆದಳು. ಕೊರಳಿನ ಬಟ್ಟೆ ಮಾತ್ರ ಉಬ್ಬಿತು.

ಅವಳು ಆಡುವ ಹಾಗೆ ಹೊಡೆದು ನೋಡೋಣ ಎಂದು ಯತಾಪ್ರಕಾರ ಎಂದು ಕೊಟ್ಟೆ. ತಪ್ಪು. ಎರಡು ಪದ ಮಾಡಿ, ನಡುವೆ ಜಾಗ ಬಿಟ್ಟಿರಬಹುದೇ? ಯಥಾ ಪ್ರಕಾರ. ತಪ್ಪು. ‘ಇನ್ನು ಒಂದು ಪ್ರಯತ್ನ ಬಾಕಿ’ ಎಂದು ಕೆಂಪು ಅಕ್ಷರ ಬಂತು.

ಕೀಲಿಮಣೆಯಿಂದ ಕೈ ತೆಗೆದೆ. ಸಾವಿರದ ಇನ್ನೂರು ವಾಕ್ಯ. ಅಕ್ಕನ ಬಾಯಿಂದ ಇನ್ನೊಂದು ಅಕ್ಷರವೂ ಹುಟ್ಟುವ ಹಾಗಿಲ್ಲ. ಹಡಗಿನವಳಿಗೆ ಏನೆಂದು ಹೇಳಲಿ? ನನಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. “ಒಂದು ಪದ ನೆಟ್ಟಗೆ ಇಡೋಕೆ ಬರಲ್ವಾ ನಿನಗೆ? ಒಂದೇ ಒಂದು ಪದ?” ಎಂದು ಕೂಗಿದೆ. ಮಾತಿಲ್ಲದವಳ ಮೇಲೆ ಕೂಗುವುದು ಎಂಥ ಕೆಲಸ ಎಂದು ಕೂಗಿದ ಮೇಲೆ ಗೊತ್ತಾಯಿತು. ತಿರುಗಿ ಬೈಯಲಾದರೂ ಅವಳಿಗೆ ದನಿ ಬೇಕಲ್ಲ.

ಫೋನಿನಲ್ಲಿ ನೆಗಡಿಯ ಹೆಂಗಸು ಮೂಗು ಒರೆಸಿಕೊಂಡಳು. “ಮೇಡಂ, ಬೇಜಾರು ಮಾಡ್ಕೋಬೇಡಿ. ಕೀಲಿ ಇಟ್ಟಿದ್ದು ಯಾರು?”

“ನಮ್ಮಕ್ಕ.”

“ಹಾಗಾದ್ರೆ ಅವರೇ ಹೊಡೀಲಿ. ನೀವು ಸ್ವಲ್ಪ ಎದ್ದುಬಿಡಿ.”

ಎದ್ದೆ. ನನ್ನ ಕುರ್ಚಿಯಲ್ಲಿ ಅಕ್ಕ ಕೂತಳು. ಕೀಲಿಗಳ ಮೇಲೆ ನಾನು ಅಂಟಿಸಿದ್ದ ಕನ್ನಡ ಅಕ್ಷರದ ಚೀಟಿಗಳನ್ನು ಮೂಗು ತಾಗುವಷ್ಟು ಬಗ್ಗಿ ನೋಡುತ್ತ, ಒಂದೇ ಬೆರಳಿನಲ್ಲಿ ಹೊಡೆಯತೊಡಗಿದಳು. ಎರಡನೆಯ ಅಕ್ಷರಕ್ಕೆ ಅವಳ ಬೆರಳು ತ ಇರುವ ಕೀಲಿಗೆ ಹೋಗಲಿಲ್ಲ, ದ-ಧ ಇರುವಲ್ಲಿಗೆ ಹೋಯಿತು. “ಅಕ್ಕ, ಅಲ್ಲಲ್ಲ” ಎಂದು ನನ್ನ ಕೈ ಚಾಚಿತು. ಅವಳು ಆ ಕೈಯ ಮೇಲೆ ಒಂದು ಬಿಟ್ಟಳು, ಬಸ್ಸಿನಲ್ಲಿ ಫುಟ್‌ಬೋರ್ಡಿಗೆ ಜೋತವರಿಗೆ ಬಿಡುತ್ತಿದ್ದ ಹಾಗೆ. ಹೊಡೆದು ಮುಗಿಸಿ, ಎಂಟರ್ ಒತ್ತಿದಳು.

ತೆರೆಯಿತು.

ಹಸಿರು ಗುರುತು, ಅದರ ಕೆಳಗೆ ಫೈಲುಗಳ ಪಟ್ಟಿ. ನಾನು ನೆಲದ ಮೇಲೆ ಕುಸಿದು ಕೂತೆ. ಅಕ್ಕ ಹಲಗೆ ಎತ್ತಿ, ನಾನಿಟ್ಟ ಚುಕ್ಕೆಯನ್ನು ಬೆರಳಿನಿಂದ ಒರೆಸಿ, ಧ-ದ ಕೆಳಗೆ ಎರಡು ಗೆರೆ ಎಳೆದು ನನ್ನ ಮುಖದ ಮುಂದೆ ಹಿಡಿದಳು. ಅವಳು ಹೊಟ್ಟೆ ಸೀಳಬೇಕು ಎಂದಷ್ಟೇ ಕಲಿತಿದ್ದಳು. ಚುಕ್ಕೆಯ ವಿಷಯ ನಾನು ಯಾವತ್ತೂ ಹೇಳಿರಲಿಲ್ಲವೋ, ಅವಳಿಗೆ ಕೇಳಿಸಿರಲಿಲ್ಲವೋ. ಸರಿಯಾದ ಉತ್ತರವನ್ನು ಕಣ್ಣೆದುರಿಗೆ ಬರೆದು ಕೊಟ್ಟರೂ ತಿದ್ದಿ ಹಾಳು ಮಾಡಿದ್ದೆ.

“ತಪ್ಪಾಯ್ತು ಅಕ್ಕ, ಕಾಲಿಗೆ ಬೀಳ್ತೀನಿ” ಎಂದೆ. ಇಬ್ಬರೂ ನಕ್ಕೆವು. ಅವಳ ನಗು ಈಗ ಬರೀ ಗಾಳಿ.

“ಇನ್ನೂರ ಐವತ್ತೈದು ನಿಮಿಷ ಟೈಮ್ ಇತ್ತು, ಈಗ ನೂರ ನಲವತ್ತಿದೆ” ಎಂದು ಹೆಂಗಸು ಫೋನಿನಲ್ಲಿ ಲೆಕ್ಕ ಹೇಳಿದಳು. “ಸಾವಿರದ ಇನ್ನೂರು ಫೈಲು ಇಳಿಯೋಕೆ ಅರ್ಧ ಗಂಟೆ ಸಾಕು ಮೇಡಂ. ಇನ್ನೊಂದು ವಿಷಯ. ಅಳಿಸಿದ ಫೈಲುಗಳೂ ಒಂದು ಕಡೆ ಕೂತಿವೆ. ಮೂರು ಸಾವಿರದ ಚಿಲ್ಲರೆ ಇದಾವೆ. ಅವನ್ನೂ ತರಿಸಲಾ? ಇದರ ಹಿಂದೆಯೇ ಹಾಕಿದ್ರೆ ಆರರೊಳಗೆ ಬಂದುಬಿಡ್ತವೆ.”

“ಬೇಡ” ಎಂದೆ.

“ಆಮೇಲೆ ಸಿಗೋದಿಲ್ಲ ಮೇಡಂ. ಯೋಚನೆ ಮಾಡಿ.”

“ಯೋಚನೆ ಮಾಡೋದೇನಿದೆ? ಅವೆಲ್ಲ ತಪ್ಪಾಗಿದ್ದು. ಕಸ.”

ಅಕ್ಕ ನನ್ನ ತೋಳು ಹಿಡಿದು ಎಳೆದಳು. “ಇರು ಅಕ್ಕ, ಒಂದ್ನಿಮಿಷ, ಮಾತಾಡ್ತಿದೀನಿ” ಎಂದೆ. ಅವಳು ಹಲಗೆಯ ಮೇಲೆ ಏನೋ ಗೀಚಿದಳು. ಹೆಂಗಸಿಗೆ ವಂದನೆ ಹೇಳಿ, ನೆಗಡಿಗೆ ಹಬೆ ತಗೊಳ್ಳಿ ಎಂದು ಉಪದೇಶವನ್ನೂ ಕೊಟ್ಟು, ಫೋನ್ ಇಟ್ಟು ತಿರುಗುವಷ್ಟರಲ್ಲಿ ಅಂಗೈಯಿಂದ ಒರೆಸಿದ್ದಳು. ಏನು ಬರೆದೆ ಎಂದು ಕೇಳಿದೆ. ಕೈಯಾಡಿಸಿ, ಬಟಾಣಿಯ ತಟ್ಟೆ ಮತ್ತೆ ಮಡಿಲಿಗೆ ತೆಗೆದುಕೊಂಡಳು. ಸುಸ್ತಾಗಿರಬೇಕು ಎಂದುಕೊಂಡೆ.

ಐದಕ್ಕೆ ಮೊದಲೇ ಎಲ್ಲವೂ ಇಳಿಯಿತು. ಡಾಕ್ಟರಮ್ಮನಿಗೆ ಕಳಿಸಿದೆ. ಇಷ್ಟು ಶುದ್ಧವಾದ ರೆಕಾರ್ಡಿಂಗ್ ತಾವು ನೋಡಿಯೇ ಇಲ್ಲ ಎಂದು ಅವರು ಹೊಗಳಿದರು. ಆರು ಗಂಟೆಗೆ ಕಂಪನಿಯಿಂದ ಕೊನೆಯ ಪತ್ರ ಬಂತು, ಎಲ್ಲ ತೆಗೆದುಹಾಕಲಾಗಿದೆ ಎಂದು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಮೂರು ವಾರದ ಮೇಲೆ ಯಂತ್ರ ಬಂತು. ಪುಸ್ತಕದಷ್ಟು ಅಗಲದ ಒಂದು ಟ್ಯಾಬ್, ಅದಕ್ಕೊಂದು ಪುಟ್ಟ ಸ್ಪೀಕರ್. ಭಾನುವಾರ ಬೆಳಿಗ್ಗೆ ಅಕ್ಕ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು ಅದರ ಮುಂದೆ ಕೂತಳು. ಮಗಳಿಗೆ ಏನು ಹೇಳಬೇಕೋ ಮೊದಲೇ ಟೈಪ್ ಮಾಡಿಟ್ಟುಕೊಂಡಿದ್ದಳು. ನನಗೆ ತೋರಿಸಲಿಲ್ಲ. ನಾನೂ ಕೇಳಲಿಲ್ಲ, ಅಷ್ಟು ಬುದ್ಧಿ ಬಂದಿತ್ತು.

ಫೋನ್ ಬಂತು. ಸ್ಪೀಕರಿಗೆ ಹಾಕಿದೆ. ಆ ಕಡೆ ಇಂಜಿನ್ನಿನ ಗುಂಯ್ ಸದ್ದು, ಅದರ ನಡುವೆ ಮಗಳ “ಹಲೋ.” ಅಕ್ಕ ಗುಂಡಿ ಒತ್ತಿದಳು.

“ಏನೇ ಕತ್ತೆ, ಊಟ ಆಯ್ತಾ?” ಎಂದಿತು ಯಂತ್ರ. ಒಂದೊಂದು ಪದವೂ ಬಿಡಿ ಬಿಡಿ, ಕೊನೆ ನುಂಗದೆ, ಎಳೆಯದೆ, ವಾರ್ತೆ ಓದಿದಷ್ಟು ನಿಧಾನ.

ಮಗಳು ನಕ್ಕಳು. “ಆಯ್ತು ಚಿಕ್ಕಮ್ಮ. ಏನು ನೀವೂ ಕತ್ತೆ ಅನ್ನೋಕೆ ಶುರು ಮಾಡಿದ್ರಿ?”

ಅಕ್ಕ ಇನ್ನೊಂದು ಗುಂಡಿ ಒತ್ತಿದಳು. “ನಾನು ಕಣೇ, ಅಮ್ಮ.”

“ತಮಾಷೆ ಮಾಡ್ಬೇಡಿ ಚಿಕ್ಕಮ್ಮ, ವಾರದಿಂದ ಕಾಯ್ತಿದೀನಿ. ಅಮ್ಮ ಮೆಷಿನ್ನಲ್ಲಿ ಮಾತಾಡ್ತಾಳೆ ಅಂದ್ರಲ್ಲ. ಅವಳಿಗೆ ಕೊಡಿ.”

ಇದು ನಿನ್ನ ಅಮ್ಮನೇ ಎಂದು ಹೇಳಲು ಬಾಯಿ ತೆರೆದೆ, ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ. ನಾನು ಮಾತಾಡಿದರೂ ಅವಳಿಗೆ ಕೇಳಿಸುವುದು ಇದೇ ದನಿ.

ಅಕ್ಕ ಬರೆದಿಟ್ಟದ್ದು ಇನ್ನೂ ಏಳೆಂಟು ಸಾಲು ಇತ್ತು. ಯಾವುದನ್ನೂ ಒತ್ತಲಿಲ್ಲ. ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ, ಬೇರೆಯವರ ವಸ್ತು ಹಿಂದಿರುಗಿಸುವ ಹಾಗೆ ನನ್ನ ಮುಂದೆ ಇಟ್ಟು, ಎದ್ದು ಒಳಗೆ ಹೋದಳು. ಫೋನಿನಲ್ಲಿ ಮಗಳು “ಅಮ್ಮಾ, ಅಮ್ಮಾ” ಎಂದು ಕರೆಯುತ್ತಲೇ ಇದ್ದಳು.